ನಮ್ಮ ಮನೆ ಯಾವ ಪಕ್ಷದ್ದು?



ಒಂದು ತಿಂಗಳ ಪೂಜೆಯ ಸಂಗತಿಯಿಂದ ಆರಂಭಿಸುತ್ತೇನೆ. 2015ರ ಗ್ರಾಮ ಪಂಚಾಯಿತಿ ಚುನಾವಣೆ ಮುಗಿದು ಕೆಲವು ತಿಂಗಳುಗಳಾಗಿದ್ದವು. ನಾನು ಆಗ ಸೇವೆ ಸಲ್ಲಿಸುತ್ತಿದ್ದ ಗ್ರಾಮಾಂತರ ಧರ್ಮಕೇಂದ್ರದಲ್ಲಿ ವೃದ್ಧ ತಾಯಿಯೊಬ್ಬರು ತೀರಿಕೊಂಡಿದ್ದರು. ಅವರಿಗೆ ಇಬ್ಬರು ಗಂಡುಮಕ್ಕಳು. ಬಲಿಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವ ಸಮಯ ಬಂದಾಗ, ಒಂದೇ ಬೆಂಚಿನ ಎರಡು ತುದಿಗಳಲ್ಲಿ ನಿಂತಿದ್ದ ಆ ಅಣ್ಣತಮ್ಮಂದಿರು ಪರಸ್ಪರ ಮುಖ ನೋಡಲಿಲ್ಲ. ಆಸ್ತಿಯ ವ್ಯಾಜ್ಯವಿರಬೇಕೆಂದು ಭಾವಿಸಿ ಊಟದ ನಂತರ ಹಿರಿಯನನ್ನು ಬದಿಗೆ ಕರೆದು ವಿಚಾರಿಸಿದೆ. "ಆಸ್ತಿ ಪಾಲಾಗಿ ಹತ್ತು ವರ್ಷವಾಯಿತು ಸ್ವಾಮಿ, ಅದರಲ್ಲಿ ಜಗಳವಿಲ್ಲ. ಅವನು ಈ ಸಲ ಆ ಪಕ್ಷದವರ ಜೊತೆ ಹೋದ. ನಮ್ಮದು ತಾತನ ಕಾಲದಿಂದಲೂ ಈ ಪಕ್ಷದ ಮನೆ" ಎಂದ. (ಗ್ರಾಮ ಪಂಚಾಯಿತಿ ಚುನಾವಣೆಯು ಕಾನೂನಿನ ಪ್ರಕಾರ ಪಕ್ಷರಹಿತವಾದುದು. ನಡೆಯುವುದು ಹೇಗೆಂಬುದು ನಿಮಗೆ ಗೊತ್ತೇ ಇದೆ.)

'ಈ ಪಕ್ಷದ ಮನೆ' ಎಂಬ ಆ ಮಾತು ನನ್ನನ್ನು ಬಹುಕಾಲ ಕಾಡಿತು. ಇಬ್ಬರೂ ಒಂದೇ ದೇವಾಲಯದಲ್ಲಿ ಜ್ಞಾನಸ್ನಾನ ಪಡೆದವರು. ಆ ದಿನ ಇಬ್ಬರೂ ಪರಮಪ್ರಸಾದವನ್ನು ಸ್ವೀಕರಿಸಿದ್ದರು. ಆದರೂ ಧರ್ಮಸಭೆ ಎಂಬ ಮನೆಗಿಂತ, ಹೆತ್ತ ತಾಯಿಯ ಮನೆಗಿಂತ, ಪಕ್ಷವೆಂಬ ಮನೆ ಅವರಿಗೆ ಹತ್ತಿರದ್ದಾಗಿತ್ತು. ಇದು ಹಳ್ಳಿಯ ಮುಗ್ಧರ ಕಥೆಯೆಂದು ನಗಬೇಡಿ. ಪಟ್ಟಣದ ಧರ್ಮಕೇಂದ್ರಗಳಲ್ಲಿ, ಓದಿದವರ ನಡುವೆ, ಪಾಲನಾ ಪರಿಷತ್ತಿನ ಸಭೆಗಳಲ್ಲಿ, ಸಮುದಾಯದ ವಾಟ್ಸ್ಯಾಪ್ ಬಳಗಗಳಲ್ಲಿ ಇದೇ ಕಥೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಿರುಗುತ್ತಿದೆ.

ಕಥೋಲಿಕ ವಿಶ್ವಾಸಿ ಒಂದು ಪಕ್ಷಕ್ಕೆ ಮತ ಹಾಕುವುದು ತಪ್ಪಲ್ಲ. ಅದರ ಸದಸ್ಯನಾಗಿ ದುಡಿಯುವುದು, ಚುನಾವಣೆಗೆ ನಿಲ್ಲುವುದು ಶ್ಲಾಘನೀಯವಾದದ್ದೇ. ರಾಜಕೀಯವು ಹೊಲಸು, ಭಕ್ತರು ಅದರಿಂದ ದೂರವಿರಬೇಕೆಂಬ ಉಪದೇಶವನ್ನು ನಾನು ಎಂದೂ ಮಾಡಿದವನಲ್ಲ, ಧರ್ಮಸಭೆಯೂ ಮಾಡುವುದಿಲ್ಲ. ನನ್ನ ತಕರಾರು ಬೇರೆ. ನಾವು ಪಕ್ಷಕ್ಕೆ ಮತವನ್ನಷ್ಟೇ ಕೊಡುತ್ತಿಲ್ಲ, ಮನಸ್ಸಾಕ್ಷಿಯನ್ನೂ ಸೇರಿಸಿ ಬರೆದುಕೊಡುತ್ತಿದ್ದೇವೆ. ಶುಭಸಂದೇಶದ ಬೆಳಕಿನಲ್ಲಿ ಪಕ್ಷವನ್ನು ಪರೀಕ್ಷಿಸಬೇಕಾದವರು, ಪಕ್ಷದ ಬಣ್ಣದ ಕನ್ನಡಕ ಹಾಕಿಕೊಂಡು ಶುಭಸಂದೇಶವನ್ನು ಓದುತ್ತಿದ್ದೇವೆ.

ಯೇಸುಸ್ವಾಮಿ ತಮ್ಮ ಹನ್ನೆರಡು ಮಂದಿಯನ್ನು ಆರಿಸಿಕೊಂಡದ್ದನ್ನು ಸ್ವಲ್ಪ ಗಮನಿಸಿ. ರೋಮಿನ ಆಡಳಿತದ ನೆರಳಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಮತ್ತಾಯ ಅಲ್ಲಿದ್ದ. ಆ ಆಡಳಿತವನ್ನು ಸಹಿಸದ ಉಗ್ರಾಭಿಮಾನಿಗಳ ಹೆಸರನ್ನೇ ಹೊತ್ತ ಸಿಮೋನನೂ ಅಲ್ಲಿದ್ದ. ಕಡೆಯ ಭೋಜನದಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತರು. ಇನ್ನೊಂದು ದೃಶ್ಯವೂ ಅಲ್ಲಿದೆ. ಚಕ್ರವರ್ತಿಗೆ ತೆರಿಗೆ ಕೊಡಬೇಕೇ ಬೇಡವೇ ಎಂದು ಕೇಳಿ ಯೇಸುವನ್ನು ಸಿಕ್ಕಿಸಲು ಬಂದವರು ಯಾರು? ಫರಿಸಾಯರು ಮತ್ತು ಹೆರೋದನ ಪಕ್ಷದವರು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು, ಆದರೂ ಆ ದಿನ ಜೊತೆಯಾಗಿ ಬಂದರು. ಹೆರೋದನೂ ಪಿಲಾತನೂ ಮಿತ್ರರಾದದ್ದು ಯೇಸುವನ್ನು ವಿಚಾರಣೆಗೆ ಎಳೆದಾಡಿದ ದಿನವೇ ಎಂದು ಸಂತ ಲೂಕರು ಬರೆದಿಟ್ಟಿದ್ದಾರೆ. ಮೈತ್ರಿಕೂಟ ನಮ್ಮ ಕಾಲದ ಆವಿಷ್ಕಾರವೇನಲ್ಲ.

ಈಗ ನಮ್ಮ ದೇಶದ ವಿಷಯಕ್ಕೆ ಬರೋಣ. "ಆ ಪಕ್ಷ ನಮ್ಮದು, ಅದು ಅಲ್ಪಸಂಖ್ಯಾತರ ರಕ್ಷಕ" ಎಂದು ತಲೆಮಾರುಗಳಿಂದ ನಂಬಿದವರು ನಮ್ಮಲ್ಲಿ ಹೆಚ್ಚು. ಅವರಿಗೆ ಕೆಲವು ದಿನಾಂಕಗಳನ್ನು ನೆನಪಿಸಬೇಕಾಗಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶವು ಹಿಂದೂ ಧರ್ಮದ ಹೊರಗಿರುವವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸಲಾಗದು ಎಂದಿತು. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಆ ಬಾಗಿಲು ತೆರೆಯಿತು. ದಲಿತ ಕ್ರೈಸ್ತರಿಗೆ ತೆರೆಯಲಿಲ್ಲ. ನ್ಯಾಯಮೂರ್ತಿ ರಂಗನಾಥ ಮಿಶ್ರ ಆಯೋಗವು ಆ ನಿರ್ಬಂಧವನ್ನು ತೆಗೆಯಬೇಕೆಂದು 2007ರಲ್ಲಿ ಶಿಫಾರಸು ಮಾಡಿತು. ಅದಾದ ಮೇಲೂ ಏಳು ವರ್ಷ 'ರಕ್ಷಕರೇ' ದೆಹಲಿಯಲ್ಲಿ ಅಧಿಕಾರದಲ್ಲಿದ್ದರು. ಕ್ರೈಸ್ತ ಮಿಷನರಿಗಳ ಚಟುವಟಿಕೆಗಳನ್ನು ಶೋಧಿಸಲು ನಿಯೋಗಿ ಸಮಿತಿಯನ್ನು 1954ರಲ್ಲಿ ನೇಮಿಸಿದ್ದು ಮಧ್ಯಪ್ರದೇಶದ ಕಾಂಗ್ರೆಸ್ ಸರ್ಕಾರ. ಮತಾಂತರ ನಿರ್ಬಂಧಿಸುವ ಕಾಯ್ದೆ ಒರಿಸ್ಸಾದಲ್ಲಿ 1967ರಲ್ಲಿ ಬಂದಾಗ ಅಲ್ಲಿ ಆಳುತ್ತಿದ್ದದ್ದು ಸ್ವತಂತ್ರ ಪಕ್ಷದ ನೇತೃತ್ವದ ಕೂಟ. 1968ರಲ್ಲಿ ಮಧ್ಯಪ್ರದೇಶದಲ್ಲಿ ತಂದದ್ದು ಹಲವು ಪಕ್ಷಗಳ ಸಂಯುಕ್ತ ವಿಧಾಯಕ ದಳ. ಹಿಮಾಚಲ ಪ್ರದೇಶದಲ್ಲಿ 2006ರಲ್ಲಿ ಅಂಥದೇ ಕಾಯ್ದೆ ಮಾಡಿದ್ದು ವೀರಭದ್ರ ಸಿಂಗ್ ಅವರ ಕಾಂಗ್ರೆಸ್ ಸರ್ಕಾರ. ನಮ್ಮ ರಾಜ್ಯದಲ್ಲಿ 2022ರಲ್ಲಿ ತಂದದ್ದು ಭಾರತೀಯ ಜನತಾ ಪಕ್ಷದ ಸರ್ಕಾರ.

ನಂತರ ಬಂದ ಕಾಂಗ್ರೆಸ್ ಸರ್ಕಾರದ ಸಚಿವ ಸಂಪುಟ 2023ರ ಜೂನ್ 15ರಂದು ಆ ಕಾಯ್ದೆಯನ್ನು ಹಿಂಪಡೆಯುವ ತೀರ್ಮಾನ ಕೈಗೊಂಡಿತು. ಆ ಸಂಜೆ ನಮ್ಮ ಬಳಗಗಳಲ್ಲಿ ಹರಿದಾಡಿದ ಅಭಿನಂದನೆಗಳಿಗೆ ಲೆಕ್ಕವಿರಲಿಲ್ಲ. ಸಂಪುಟದ ತೀರ್ಮಾನ ಬೇರೆ, ಎರಡೂ ಸದನಗಳಲ್ಲಿ ಮಂಡನೆಯಾಗಿ ಅಂಗೀಕಾರ ಪಡೆಯುವ ಮಸೂದೆ ಬೇರೆ. ಅಭಿನಂದನೆ ಕಳುಹಿಸಿದವರಲ್ಲಿ ಎಷ್ಟು ಮಂದಿ ಆನಂತರ ತಮ್ಮ ಶಾಸಕರನ್ನು ಕಂಡು ಆ ಮಸೂದೆಯ ಗತಿ ಏನಾಯಿತೆಂದು ಕೇಳಿದ್ದೀರಿ? ಮೊದಲೇ ಬರೆದುಕೊಟ್ಟವನಿಗೆ ಯಾರೂ ಲೆಕ್ಕ ಒಪ್ಪಿಸುವುದಿಲ್ಲ. ಅಂಗಡಿಯವನು ಸಹ ಖಾಯಂ ಗಿರಾಕಿಯನ್ನು ಕಾಯಿಸಿ ಹೊಸಬನನ್ನು ಮೊದಲು ವಿಚಾರಿಸುತ್ತಾನೆ.

"ಹಾಗಾದರೆ ಎಲ್ಲ ಪಕ್ಷಗಳೂ ಒಂದೇ ಎನ್ನುತ್ತೀರಾ ಫಾದರ್?" ಎಂದು ನೀವು ಸಿಟ್ಟಾಗಬಹುದು. ಹಾಗೆನ್ನುವುದು ಸುಳ್ಳಾಗುತ್ತದೆ. 2008ರ ಸೆಪ್ಟೆಂಬರ್ 14, ಭಾನುವಾರ, ಪವಿತ್ರ ಶಿಲುಬೆಯ ಮಹಿಮೆಯ ಹಬ್ಬದ ದಿನ, ಮಂಗಳೂರಿನಲ್ಲಿ ಕ್ಲಾರಾ ಭಗಿನಿಯರ ಆರಾಧನಾ ಮಠಕ್ಕೆ ನುಗ್ಗಿದವರು ಪರಮಪ್ರಸಾದದ ಮಂಜೂಷವನ್ನೂ ಬಿಡಲಿಲ್ಲ. ಪ್ರತಿಭಟಿಸಿದ ನಮ್ಮ ಜನರ ಮೇಲೆ ಪೊಲೀಸರ ಲಾಠಿ ಬಿತ್ತು. ಆಗ ಆಳುತ್ತಿದ್ದ ಪಕ್ಷ ಯಾವುದೆಂದು ನಾನೂ ಮರೆತಿಲ್ಲ. ಮರೆಯಬೇಕೆಂದು ನಿಮಗೆ ಹೇಳುವುದೂ ಇಲ್ಲ. ಆ ಪಕ್ಷದಲ್ಲಿರುವ ಕಥೋಲಿಕರಿದ್ದಾರೆ. ಅವರನ್ನು 'ಯೂದ'ರೆಂದು ಕರೆಯುವ ರೂಢಿ ನಮ್ಮಲ್ಲಿದೆ. ನಾನು ಹಾಗೆ ಕರೆಯಲಾರೆ. ಆದರೆ ಅವರನ್ನು ಒಂದು ಪ್ರಶ್ನೆ ಕೇಳುವ ಹಕ್ಕು ನನಗಿದೆ. ಆ ವಾರ ನಿಮ್ಮ ಪಕ್ಷದ ಸಭೆಯಲ್ಲಿ ನೀವು ಎದ್ದು ನಿಂತು ಏನು ಹೇಳಿದಿರಿ?

ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಯವರಿಗೂ ಕೇಳಬೇಕಾಗುತ್ತದೆ. 1975ರಿಂದ 77ರವರೆಗೆ ತುರ್ತುಪರಿಸ್ಥಿತಿಯಲ್ಲಿ ಬಡವರನ್ನು ಹಿಡಿದು ಬಲವಂತವಾಗಿ ಸಂತಾನಹರಣ ಮಾಡಿದಾಗ, 1984ರ ನವೆಂಬರಿನಲ್ಲಿ ದೆಹಲಿಯ ಬೀದಿಗಳಲ್ಲಿ ಸಿಖ್ಖರನ್ನು ಜೀವಂತ ಸುಟ್ಟಾಗ, ನಮ್ಮ ಎಷ್ಟು ಮನೆಗಳು ಆಳುವ ಪಕ್ಷದ ಮೇಲಿನ ನಿಷ್ಠೆಯನ್ನು ಮರುಪರಿಶೀಲಿಸಿದವು? ಏಟು ನಮ್ಮ ಬೆನ್ನ ಮೇಲೆ ಬೀಳಲಿಲ್ಲ, ಆದ್ದರಿಂದ ನಾವು ಕದಲಲಿಲ್ಲ. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿತರಾದ ಫಾದರ್ ಸ್ಟ್ಯಾನ್ ಸ್ವಾಮಿ 2021ರ ಜುಲೈ 5ರಂದು ಬಂಧಿಯಾಗಿಯೇ ಪ್ರಾಣಬಿಟ್ಟಾಗ ನಾವೆಲ್ಲ ಮೇಣದಬತ್ತಿ ಹಚ್ಚಿದೆವು. ಅವರ ಬಂಧನ ಒಂದು ಸರ್ಕಾರದ ಕಾಲದಲ್ಲಾಯಿತು. ಆದರೆ ಯುಎಪಿಎ ಕಾಯ್ದೆಯಡಿ ಜಾಮೀನು ಸಿಗುವುದು ಅಷ್ಟು ದುಸ್ತರವಾದದ್ದು 2008ರ ತಿದ್ದುಪಡಿಯಿಂದ, ಬೇರೆ ಸರ್ಕಾರದ ಕಾಲದಲ್ಲಿ. ಆ ತಿದ್ದುಪಡಿ ಬಂದಾಗ ನಮ್ಮಲ್ಲಿ ಯಾರಿಗೂ ನಿದ್ದೆ ಕೆಟ್ಟಂತೆ ನನಗೆ ನೆನಪಿಲ್ಲ. ಯಾರು ನೆರೆಯವನೆಂಬ ಪ್ರಶ್ನೆಗೆ ಯೇಸು ಕೊಟ್ಟ ಉತ್ತರದಲ್ಲಿ ಗಾಯಗೊಂಡು ಬಿದ್ದವನು ಯಾವ ಪಂಗಡದವನೆಂಬ ವಿವರವೇ ಇಲ್ಲ.

ಗರ್ಭಸ್ಥ ಶಿಶುವಿನ ಪ್ರಾಣದ ವಿಚಾರದಲ್ಲಂತೂ ನಮ್ಮ ಬೋಧನೆಗೆ ಒಪ್ಪುವ ಪಕ್ಷವನ್ನು ನಾನು ಈ ದೇಶದಲ್ಲಿ ಕಂಡಿಲ್ಲ. 1971ರ ಕಾಯ್ದೆ ಒಬ್ಬರದು, ಅದರ ಅವಧಿಯನ್ನು ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳಿಗೆ ವಿಸ್ತರಿಸಿದ 2021ರ ತಿದ್ದುಪಡಿ ಇನ್ನೊಬ್ಬರದು.

ಕಥೋಲಿಕರದೇ ಒಂದು ಪಕ್ಷವಿದ್ದರೆ ಈ ಸಂಕಟ ಇರುತ್ತಿರಲಿಲ್ಲ ಎನ್ನುವವರಿದ್ದಾರೆ. ಇಟಲಿಯಲ್ಲಿ ಅಂಥದೊಂದು ಪಕ್ಷ ಸುಮಾರು ಐವತ್ತು ವರ್ಷ ಬಾಳಿತು. ಅದರ ಲಾಂಛನವೇ ಶಿಲುಬೆಯ ಗುರುತುಳ್ಳ ಗುರಾಣಿ. 1948ರ ಏಪ್ರಿಲ್ 18ರ ಚುನಾವಣೆಯಲ್ಲಿ ಕ್ರೈಸ್ತ ಪ್ರಜಾಸತ್ತಾತ್ಮಕ ಪಕ್ಷವು ನೂರಕ್ಕೆ 48ಕ್ಕೂ ಹೆಚ್ಚು ಮತ ಪಡೆದು ಗೆದ್ದಿತು. ಧರ್ಮಕೇಂದ್ರಗಳು, ಕಥೋಲಿಕ ಸಂಘಟನೆಗಳು ಹಗಲಿರುಳು ದುಡಿದಿದ್ದವು. ಮರುವರ್ಷ ಜುಲೈ 1ರಂದು, ಕಮ್ಯುನಿಸ್ಟ್ ಪಕ್ಷ ಸೇರುವವರಿಗೂ ಅದನ್ನು ಬೆಂಬಲಿಸುವವರಿಗೂ ಸಂಸ್ಕಾರಗಳಿಲ್ಲವೆಂಬ ಆಜ್ಞೆ ರೋಮಿನಿಂದ ಹೊರಟಿತು. ಇದಕ್ಕಿಂತ ಭದ್ರವಾದ ಏರ್ಪಾಡು ಬೇಕೇ? ಆ ಪಕ್ಷ ಮುಳುಗಿದ್ದು ಕಮ್ಯುನಿಸ್ಟರಿಂದಲ್ಲ. 1992ರಲ್ಲಿ ಮಿಲಾನ್ ನಗರದಲ್ಲಿ ಆರಂಭವಾದ ಲಂಚದ ತನಿಖೆಯಲ್ಲಿ ಅದರ ನಾಯಕರು ಸಾಲುಸಾಲಾಗಿ ಸಿಕ್ಕಿಬಿದ್ದು, 1994ರ ಜನವರಿಯಲ್ಲಿ ಪಕ್ಷವೇ ಬಾಗಿಲು ಮುಚ್ಚಿತು. ಶಿಲುಬೆಯ ಗುರುತಿಗೆ ಜನ ಮತ ಹಾಕುತ್ತಾರೆಂಬ ಧೈರ್ಯವಿದ್ದವರಿಗೆ ಶಿಲುಬೆಯ ಭಯ ಉಳಿದಿರಲಿಲ್ಲ.

ಆ ಪಕ್ಷದ ಕಥೆಯಲ್ಲಿ ನನಗೆ ಪ್ರಿಯವಾದ ಪುಟ ಬೇರೊಂದಿದೆ. ಅದರ ಮೊದಲ ಪ್ರಧಾನಿ ಅಲ್ಚಿದೆ ದೆ ಗಾಸ್ಪೆರಿ. ಫ್ಯಾಸಿಸ್ಟರ ಸೆರೆಮನೆ ಕಂಡವರು. ಬಿಡುಗಡೆಯಾದ ಮೇಲೆ ಬೇರೆಲ್ಲೂ ಕೆಲಸ ಸಿಗದೆ ವ್ಯಾಟಿಕನ್ನಿನ ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಬರೆದು ಸಂಸಾರ ಸಾಕಿದವರು. ಪೂಜೆ, ಪ್ರಾರ್ಥನೆಗಳಲ್ಲಿ ಅವರ ನಿಷ್ಠೆಯನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. 1948ರಲ್ಲಿ ಪೂರ್ಣ ಬಹುಮತವಿದ್ದರೂ ಅವರು ಧರ್ಮದ ಹೆಸರು ಹೇಳದ ಸಣ್ಣ ಪಕ್ಷಗಳನ್ನು ಜೊತೆಗೂಡಿಸಿಕೊಂಡೇ ಸರ್ಕಾರ ರಚಿಸಿದರು. 1952ರಲ್ಲಿ ರೋಮ್ ನಗರಸಭೆಯ ಚುನಾವಣೆ ಬಂತು. ಎಡಪಂಥೀಯರು ಗೆಲ್ಲಬಹುದೆಂಬ ಆತಂಕದಲ್ಲಿ, ಹಳೆಯ ಫ್ಯಾಸಿಸ್ಟರ ವಾರಸುದಾರರ ಜೊತೆ ಕೈಜೋಡಿಸಬೇಕೆಂಬ ಒತ್ತಡ ವ್ಯಾಟಿಕನ್ನಿನಿಂದಲೇ ಅವರ ಮೇಲೆ ಬಿತ್ತು. ದೆ ಗಾಸ್ಪೆರಿ ಒಪ್ಪಲಿಲ್ಲ. ಆ ಮೈತ್ರಿಯಿಲ್ಲದೆಯೇ ಚುನಾವಣೆ ಗೆದ್ದರು. ಅದೇ ವರ್ಷ ತಮ್ಮ ವಿವಾಹದ 30ನೇ ವರ್ಷ ಮತ್ತು ಮಗಳ ಸನ್ಯಾಸದ ವ್ರತಸ್ವೀಕಾರದ ಸಂದರ್ಭದಲ್ಲಿ ಜಗದ್ಗುರು ಹನ್ನೆರಡನೇ ಭಕ್ತಿನಾಥರ, ಅಂದರೆ ಪೋಪ್ ಹನ್ನೆರಡನೇ ಪಯಸ್ಸರ, ಆಶೀರ್ವಾದ ಪಡೆಯಲು ಕುಟುಂಬಸಮೇತ ಭೇಟಿಗೆ ಅವಕಾಶ ಕೋರಿದರು. ಅವಕಾಶ ಸಿಗಲಿಲ್ಲ. ಕ್ರೈಸ್ತನಾಗಿ ಈ ಅವಮಾನವನ್ನು ಸ್ವೀಕರಿಸುತ್ತೇನೆ, ಆದರೆ ದೇಶದ ಪ್ರಧಾನಿಯಾಗಿ ಇದಕ್ಕೆ ವಿವರಣೆ ಕೇಳಬೇಕಾಗಿದೆ ಎಂಬ ಅರ್ಥದ ಮಾತನ್ನು ಅವರು ರಾಯಭಾರಿಯ ಮೂಲಕ ತಿಳಿಸಿದರು. ಧರ್ಮಸಭೆಯನ್ನು ತೊರೆಯಲಿಲ್ಲ, ಜಗದ್ಗುರುಗಳನ್ನು ನಿಂದಿಸಲೂ ಇಲ್ಲ. 1954ರಲ್ಲಿ ತೀರಿಕೊಂಡ ಅವರನ್ನು ಧರ್ಮಸಭೆ ಇಂದು ದೇವರ ಸೇವಕನೆಂದು ಕರೆಯುತ್ತದೆ, ಧನ್ಯಪದವಿಗಾಗಿ ಅವರ ಬದುಕನ್ನು ಪರಿಶೀಲಿಸುತ್ತಿದೆ. ರಾಜಕೀಯದಲ್ಲಿರುವ ಕಥೋಲಿಕನಿಗೆ ಬೇಕಾದ ಬೆನ್ನೆಲುಬು ಎಂಥದೆಂದು ಯಾರಾದರೂ ಕೇಳಿದರೆ ನಾನು ಈ ಮನುಷ್ಯನನ್ನು ತೋರಿಸುತ್ತೇನೆ.

ನೆರೆಯ ಕೇರಳದ ಕಥೆಯೂ ಕಡಮೆ ಬೋಧಪ್ರದವಲ್ಲ. 1959ರ 'ವಿಮೋಚನಾ ಸಮರ'ದಲ್ಲಿ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ನಮ್ಮವರು ಬೀದಿಗಿಳಿದರು. ಜುಲೈ 31ರಂದು ಸರ್ಕಾರ ವಜಾ ಆಯಿತು. 1964ರಲ್ಲಿ ಕೇರಳ ಕಾಂಗ್ರೆಸ್ ಹುಟ್ಟಿ ಅನೇಕ ಕಥೋಲಿಕ ಮನೆಗಳ ಪಕ್ಷವಾಯಿತು. ಅದು ಒಡೆದು ಎಷ್ಟು ಚೂರಾಗಿದೆಯೆಂದು ಲೆಕ್ಕವಿಡುವುದು ಕಷ್ಟ. ಅದರಲ್ಲಿ ಮಾಣಿಯವರ ಹೆಸರಿನ ಬಣ 2020ರಲ್ಲಿ ಎಡರಂಗವನ್ನೇ ಸೇರಿತು. 1959ರಲ್ಲಿ ಕಮ್ಯುನಿಸ್ಟರಿಗೆ ಮತ ಹಾಕುವುದು ಪಾಪವೆಂದು ಕೇಳಿ ಬೆಳೆದ ಅಜ್ಜಿಯರು ಇದನ್ನು ಹೇಗೆ ಅರ್ಥಮಾಡಿಕೊಂಡರೋ!

ಎರಡನೇ ವ್ಯಾಟಿಕನ್ ಮಹಾಸಭೆ ಈ ಪಾಠಗಳನ್ನು ಕಲಿತೇ ಮಾತನಾಡಿತು. ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ 1965ರ ಸಂವಿಧಾನವು, ಲೌಕಿಕ ವಿಷಯಗಳಲ್ಲಿ ಪ್ರಾಮಾಣಿಕ ವಿಶ್ವಾಸಿಗಳು ಭಿನ್ನ ತೀರ್ಮಾನಗಳಿಗೆ ಬರಬಹುದೆಂದೂ, ಯಾರೂ ತನ್ನ ಅಭಿಪ್ರಾಯಕ್ಕೆ ಧರ್ಮಸಭೆಯ ಅಧಿಕಾರವನ್ನು ತನಗೊಬ್ಬನಿಗೇ ಎಳೆದುಕೊಳ್ಳಬಾರದೆಂದೂ ತಿಳಿಸುತ್ತದೆ. ಒಂದೇ ವಿಶ್ವಾಸ ಬೇರೆ ಬೇರೆ ರಾಜಕೀಯ ಬದ್ಧತೆಗಳಿಗೆ ದಾರಿ ಮಾಡಬಹುದೆಂದು ಪೋಪ್ ಆರನೇ ಪೌಲರು 1971ರಲ್ಲಿ ಬರೆದರು. ನಮ್ಮಂಥ ಗುರುಗಳಿಗೆ ಧರ್ಮಸಭೆಯ 1983ರ ಕಾನೂನು ಸಂಹಿತೆ ಇನ್ನೂ ಬಿಗಿಯಾಗಿದೆ. ಧರ್ಮಸಭೆಯ ಹಕ್ಕುಗಳ ರಕ್ಷಣೆ ಅಥವಾ ಸಮಾಜದ ಒಳಿತಿಗೆ ಅಗತ್ಯವೆಂದು ಮೇಲಧಿಕಾರಿಗಳು ಭಾವಿಸದ ಹೊರತು ಪಕ್ಷಗಳಲ್ಲಿ ಸಕ್ರಿಯ ಪಾತ್ರ ವಹಿಸಬಾರದೆಂದು ಅದರ 287ನೇ ವಿಧಿ ಹೇಳುತ್ತದೆ. ದೇಶದ ಕಾನೂನೂ ಸುಮ್ಮನಿಲ್ಲ. ಇಂಥವರಿಗೆ ಮತ ಹಾಕದಿದ್ದರೆ ದೇವರ ಅವಕೃಪೆಗೆ ಒಳಗಾಗುವಿರೆಂದು ಮತದಾರನನ್ನು ಹೆದರಿಸುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ನಿನ ಪ್ರಕಾರ ಅನುಚಿತ ಪ್ರಭಾವ.

ಇಷ್ಟೆಲ್ಲ ತಿಳಿದ ನಾನೇನು ಮಾಡಿದೆ? ಇದನ್ನು ಬರೆಯದಿದ್ದರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ. ಹಿಂದೊಮ್ಮೆ ನನ್ನ ಧರ್ಮಕೇಂದ್ರದ ಸಮಾಧಿಭೂಮಿಗೆ ಗೋಡೆ ಕಟ್ಟಿಸಲು ಶಾಸಕರೊಬ್ಬರು ಅನುದಾನ ಕೊಡಿಸಿದರು. ಚುನಾವಣೆ ಹತ್ತಿರವಿತ್ತು. ಭಾನುವಾರದ ಪೂಜೆಯ ಕೊನೆಯಲ್ಲಿ ಅವರನ್ನು ಬಲಿಪೀಠದ ಪಕ್ಕಕ್ಕೆ ಕರೆದು ಶಾಲು ಹೊದಿಸಿ, "ನಮ್ಮ ಸಮುದಾಯ ನಿಮ್ಮನ್ನು ಮರೆಯುವುದಿಲ್ಲ" ಎಂದುಬಿಟ್ಟೆ. ಆ ಮಾತಿನ ಅರ್ಥ ಅವರಿಗೂ ತಿಳಿಯಿತು, ಬೆಂಚುಗಳಲ್ಲಿದ್ದವರಿಗೂ ತಿಳಿಯಿತು. ಇನ್ನೂರು ಮನೆಗಳ ಮತವನ್ನು, ಅವರಲ್ಲಿ ಒಬ್ಬರನ್ನೂ ಕೇಳದೆ, ಒಂದು ಗೋಡೆಗೆ ಬದಲಾಗಿ ಕೊಟ್ಟಿದ್ದೆ. ಆ ಅನುದಾನವಾದರೂ ಅವರ ಜೇಬಿನದಲ್ಲ, ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕಟ್ಟುವ ಅದೇ ಜನರ ಹಣ. ಎಲ್ಲರೂ ಹೋದ ಮೇಲೆ ಕೂಲಿ ಮಾಡುವ ಹಿರಿಯ ಹೆಂಗಸೊಬ್ಬರು ಗುರುಮನೆಯ ಮೆಟ್ಟಿಲ ಬಳಿ ನಿಂತಿದ್ದರು. "ಗೋಡೆ ಆಯ್ತು ಸ್ವಾಮಿ, ಒಳ್ಳೇದೇ. ನಮ್ಮ ಕೇರಿಗೆ ನೀರಿಲ್ಲ ಅಂತ ಅವರಿಗೆ ಹೇಳಿದ್ರಾ? ಗೋಡೆ ಒಳಗಿರೋರಿಗೆ ಬಾಯಾರಿಕೆ ಆಗೋದಿಲ್ಲ" ಎಂದರು. ನಾನು ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ. ಆ ಶಾಸಕರು ಮುಂದಿನ ಚುನಾವಣೆಯ ಹೊತ್ತಿಗೆ ಪಕ್ಷವನ್ನೇ ಬದಲಿಸಿದ್ದರು. ನಾನು ಮಾತು ಕೊಟ್ಟದ್ದು ಅವರಿಗೋ ಅವರ ಹಿಂದಿನ ಪಕ್ಷಕ್ಕೋ ಎಂಬ ಧರ್ಮಸೂಕ್ಷ್ಮವನ್ನು ಪಾಲನಾ ಪರಿಷತ್ತಿನಲ್ಲಿ ಗಂಭೀರವಾಗಿ ಚರ್ಚಿಸಿದವರೂ ಇದ್ದರು.

ಆದ್ದರಿಂದ ನಿಮ್ಮ ಗುರುಗಳು, ಸಮುದಾಯದ ಮುಖಂಡರು, ಸಂಘದ ಅಧ್ಯಕ್ಷರು "ನಮ್ಮ ಮತಗಳೆಲ್ಲ ಇಂಥವರಿಗೆ" ಎಂದು ಯಾರ ಮುಂದಾದರೂ ಹೇಳಿದರೆ, ಎದ್ದು ನಿಂತು, ನನ್ನ ಮತ ನಿಮ್ಮ ಕೈಯಲ್ಲಿಲ್ಲವೆಂದು ಗೌರವದಿಂದಲೇ ತಿಳಿಸಿ. ಅದು ಅವಿಧೇಯತೆಯಲ್ಲ. ಧರ್ಮಸಭೆಯ ಒಳಿತಿನ ವಿಚಾರದಲ್ಲಿ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಎಂದು ಅದೇ ಸಂಹಿತೆಯ 212ನೇ ವಿಧಿ ಹೇಳುತ್ತದೆ.

ಮತ ಹಾಕಲು ಯೋಗ್ಯರೇ ಇಲ್ಲದಿದ್ದರೆ? 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಚುನಾವಣೆಯ ಬಗ್ಗೆ ಪತ್ರಕರ್ತರು ಕೇಳಿದಾಗ ದಿವಂಗತ ಪೋಪ್ ಫ್ರಾನ್ಸಿಸರು ಇಬ್ಬರು ಅಭ್ಯರ್ಥಿಗಳ ಹೆಸರನ್ನೂ ಹೇಳದೆ, ಒಬ್ಬರು ವಲಸಿಗರನ್ನು ಅಟ್ಟುವುದೂ ಇನ್ನೊಬ್ಬರು ಗರ್ಭಪಾತವನ್ನು ಬೆಂಬಲಿಸುವುದೂ ಜೀವಕ್ಕೆ ವಿರುದ್ಧವೆಂದು ತಿಳಿಸಿ, ಎರಡು ಕೆಡುಕುಗಳಲ್ಲಿ ಕಡಮೆಯದನ್ನು ಪ್ರತಿಯೊಬ್ಬರೂ ತಮ್ಮ ಮನಸ್ಸಾಕ್ಷಿಯಂತೆ ಆರಿಸಿಕೊಳ್ಳಬೇಕೆಂದರು. ಮತ ಹಾಕದೆ ಕೂರುವುದನ್ನು ಅವರು ಒಪ್ಪಲಿಲ್ಲ. ಕೆಡುಕುಗಳಲ್ಲಿ ಕಡಮೆಯದೆಂದು ಆರಿಸಿಕೊಂಡದ್ದಕ್ಕೆ ಯಾರೂ ಮನೆಯಲ್ಲಿ ಆರತಿ ಎತ್ತುವುದಿಲ್ಲ, ಅದಕ್ಕಾಗಿ ಒಡಹುಟ್ಟಿದವರ ಜೊತೆ ಮಾತು ಬಿಡುವುದೂ ಇಲ್ಲ.

ಆ ಅಣ್ಣತಮ್ಮಂದಿರ ಊರಿಗೆ 2018ರ ಬೇಸಿಗೆಯ ಕೊನೆಯಲ್ಲಿ ಒಂದು ಮದುವೆಗೆಂದು ಹೋಗಿದ್ದೆ. ಅದಕ್ಕೆ ಕೆಲವೇ ದಿನಗಳ ಹಿಂದೆ ಆ ಇಬ್ಬರ ಪಕ್ಷಗಳೂ ಒಂದಾಗಿ, ವಿಧಾನಸೌಧದ ಮುಂದಿನ ವೇದಿಕೆಯಲ್ಲಿ ನಾಯಕರೆಲ್ಲ ಕೈಕೈ ಹಿಡಿದು ಮೇಲೆತ್ತಿ, ಸರ್ಕಾರ ರಚಿಸಿದ್ದರು. ಚಪ್ಪರದಲ್ಲಿ ಅಣ್ಣ ಒಂದು ಕಡೆಯ ಪಂಕ್ತಿಯಲ್ಲಿ, ತಮ್ಮ ಇನ್ನೊಂದು ಕಡೆಯ ಪಂಕ್ತಿಯಲ್ಲಿ ಕುಳಿತಿದ್ದರು. ತಮ್ಮನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕುಳಿತು, "ಈಗಲಾದರೂ ಅಣ್ಣನ ಜೊತೆ ಮಾತಾಡಬಹುದಲ್ಲಪ್ಪ, ನಿಮ್ಮ ಪಕ್ಷಗಳೇ ಒಂದಾಗಿವೆಯಲ್ಲ" ಎಂದೆ. ಅವನು ಎಲೆಯಿಂದ ತಲೆಯೆತ್ತದೆ ಹೇಳಿದ, "ಅವರು ಮೇಲೆ ಮೇಲೆ ಕೂಡಿಕೊಂಡ್ರು ಸ್ವಾಮಿ, ನಮಗೆ ಯಾರೂ ಹೇಳಲಿಲ್ಲ."